ರಿಗ್ಲಿ ಮೈದಾನಕ್ಕೆ ಸಂಸಾರ ಸಮೇತ

ಅಮೆರಿಕದ ಷಿಕಾಗೋ ನಗರಕ್ಕೆ ಹೋದ ಪ್ರವಾಸಿಗಳು ಸಾಮಾನ್ಯವಾಗಿ ಮಿಷಿಗನ್ ಸರೋವರದ ದಂಡೆಯನ್ನೂ ಗಗನಚುಂಬಿ ಕಟ್ಟಡಗಳನ್ನೂ ನೋಡಿ ಹಿಂದಿರುಗುವುದುಂಟು. ಆದರೆ ಆ ನಗರದ ಸಂಸಾರಗಳು ಬೇಸಗೆಯ ಮಧ್ಯಾಹ್ನವನ್ನು ಹೇಗೆ ಕಳೆಯುತ್ತವೆಂಬುದನ್ನು ಕಣ್ಣಾರೆ ಕಾಣಬೇಕಾದರೆ ನಗರದ ಉತ್ತರ ಭಾಗಕ್ಕೆ ಹೋಗಬೇಕು. ಅಲ್ಲಿ ಕ್ಲಾರ್ಕ್ ಮತ್ತು ಆಡಿಸನ್ ಎಂಬ ಎರಡು ಬೀದಿಗಳು ಕೂಡುವೆಡೆ, ಜನವಸತಿಯ ನಡುವೆಯೇ, ರಿಗ್ಲಿ ಫೀಲ್ಡ್ ಎಂಬ ಬೇಸ್‌ಬಾಲ್ ಮೈದಾನವಿದೆ. ಅಜ್ಜ ಅಜ್ಜಿಯರಿಂದ ಹಿಡಿದು ಎಳೆಯ ಮಕ್ಕಳವರೆಗೆ ಎಲ್ಲರೂ ಕೂಡಿ ಹೋಗಬಹುದಾದ ಸ್ಥಳವದು. ಹಾಗೆ ಹೋಗಬೇಕೆನ್ನುವವರು ಮೊದಲೇ ಯೋಚಿಸಿಕೊಳ್ಳಬೇಕಾದ ಸಂಗತಿಗಳು ಹಲವು. ಯೋಚಿಸಿ ಫಲವಿಲ್ಲದ ಸಂಗತಿಯೂ ಒಂದುಂಟು.

ಮೈದಾನ ತೆರೆದದ್ದು 1914ರ ಏಪ್ರಿಲ್ ತಿಂಗಳಲ್ಲಿ. ಷಿಕಾಗೋ ಕಬ್ಸ್ ತಂಡ 1916ರಲ್ಲಿ ಇಲ್ಲಿಗೆ ಬಿಡಾರ ಬದಲಿಸಿತು. ಚೂಯಿಂಗ್ ಗಮ್ ವ್ಯಾಪಾರದಿಂದ ಶ್ರೀಮಂತರಾದ ವಿಲಿಯಂ ರಿಗ್ಲಿ ತಂಡದ ಒಡೆಯರಾದ ಮೇಲೆ, 1920ರ ದಶಕದಲ್ಲಿ, ಮೈದಾನಕ್ಕೆ ಅವರ ಹೆಸರು ನಿಂತಿತು. ಮೇಜರ್ ಲೀಗಿನ ಮೂವತ್ತು ತಂಡಗಳ ಮೈದಾನಗಳಲ್ಲಿ ಬಾಸ್ಟನ್ನಿನ ಫೆನ್‌ವೇ ಪಾರ್ಕ್ ಒಂದನ್ನು ಬಿಟ್ಟರೆ ಇದಕ್ಕಿಂತ ಹಳೆಯದು ಬೇರೊಂದಿಲ್ಲ. 2020ರಲ್ಲಿ ಸರ್ಕಾರ ಇದನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಸಾರಿತು. ಸುಮಾರು ನಲವತ್ತೊಂದು ಸಾವಿರ ಜನ ಕುಳಿತು ನೋಡಬಹುದಾದರೂ ಇಲ್ಲಿ ಭವ್ಯತೆಗಿಂತ ಆಪ್ತತೆಯೇ ಹೆಚ್ಚು. ಬೀದಿಯಾಚೆಯ ಮನೆಗಳು ಮೈದಾನವನ್ನು ಇಣುಕಿ ನೋಡುವಷ್ಟು ಸಮೀಪದಲ್ಲಿವೆ. ಅವುಗಳ ಮಾಳಿಗೆಯ ಮೇಲೆ ಮೆಟ್ಟಿಲಾಸನಗಳನ್ನು ಹಾಕಿಸಿ ಹಣ ಪಡೆದು ಆಟ ತೋರಿಸುವ ಏರ್ಪಾಟೂ ಉಂಟು.

ಕ್ರಿಕೆಟ್ಟನ್ನು ಬಲ್ಲ ಕಣ್ಣಿಗೆ ಬೇಸ್‌ಬಾಲ್ ದೂರದ ಬಂಧುವಿನಂತೆ ಕಾಣುತ್ತದೆ: ಮುಖಚರ್ಯೆ ಒಂದೇ, ನಡೆನುಡಿ ಬೇರೆ. ಪಕ್ಷಕ್ಕೆ ಒಂಬತ್ತು ಮಂದಿ ಆಟಗಾರರು. ಚೌಕದ ನಾಲ್ಕು ಮೂಲೆಗಳಲ್ಲಿ ನಾಲ್ಕು ನೆಲೆಗಳು, ಒಂದರಿಂದ ಮತ್ತೊಂದಕ್ಕೆ 90 ಅಡಿ. ಚೆಂಡನ್ನು ಹೊಡೆದವನು ನಾಲ್ಕು ನೆಲೆಗಳನ್ನೂ ಸುತ್ತಿ ಹೊರಟಲ್ಲಿಗೆ ಮರಳಿದರೆ ಒಂದು ರನ್ನು. ಚೆಂಡು ನೆಲಕ್ಕೆ ಪುಟಿಯದೆ ನೇರವಾಗಿ ಬರುತ್ತದೆ. ಮೂವರು ಔಟಾದರೆ ಆ ಪಕ್ಷದ ಸರದಿ ಮುಗಿಯಿತು. ಹೀಗೆ ಪ್ರತಿ ಪಕ್ಷಕ್ಕೂ ಒಂಬತ್ತು ಸರದಿ. ರನ್ನುಗಳು ಸಮನಾದರೆ ಒಂದು ಪಕ್ಷ ಮುಂದಾಗುವವರೆಗೆ ಆಟ ಮುಂದುವರಿಯುತ್ತದೆ. ಮೈದಾನದ ಅಂಗಡಿಯಲ್ಲಿ ದೊರೆಯುವ ಸ್ಕೋರು ಪತ್ರವನ್ನೂ ಒಂದು ಪೆನ್ಸಿಲನ್ನೂ ಮಕ್ಕಳ ಕೈಗೆ ಕೊಟ್ಟರೆ, ಮೂರನೆಯ ಸರದಿಯ ಹೊತ್ತಿಗೆ ಅವರೇ ಹಿರಿಯರಿಗೆ ಆಟವನ್ನು ವಿವರಿಸತೊಡಗುತ್ತಾರೆ.

ಪ್ರಯಾಣದ ಯೋಜನೆಯಲ್ಲಿ ಮೊದಲ ಪ್ರಶ್ನೆ, ಯಾವ ತಿಂಗಳು ಹೋಗುವುದೆಂಬುದು. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಪ್ರತಿ ತಂಡವೂ 162 ಪಂದ್ಯಗಳನ್ನಾಡುತ್ತದೆ; ಅದರಲ್ಲಿ ಅರ್ಧದಷ್ಟು ಸ್ವಂತ ಮೈದಾನದಲ್ಲಿ. ಏಪ್ರಿಲ್ ತಿಂಗಳಲ್ಲಿ ಟಿಕೆಟ್ಟು ಅಗ್ಗ, ಆದರೆ ಸರೋವರದ ಕಡೆಯಿಂದ ಬೀಸುವ ಗಾಳಿ ಎಲುಬನ್ನು ಕೊರೆಯುತ್ತದೆ. ಮೈದಾನದ ಹಿಂಬದಿಯ ಇಟ್ಟಿಗೆ ಗೋಡೆಯನ್ನು ಹೊದ್ದಿರುವ ಐವಿ ಬಳ್ಳಿಯೂ ಆಗ ಒಣಕಡ್ಡಿಯಂತಿರುತ್ತದೆ. 1937ರಲ್ಲಿ ನೆಡಲಾದ ಈ ಬಳ್ಳಿ ಮೇ ತಿಂಗಳಲ್ಲಿ ಚಿಗುರಿ, ಜೂನಿನ ಹೊತ್ತಿಗೆ ಗೋಡೆಯನ್ನೆಲ್ಲ ಹಸುರಾಗಿಸುತ್ತದೆ. ಚೆಂಡು ಎಲೆಗಳ ನಡುವೆ ಸಿಕ್ಕಿಕೊಂಡರೆ ಕ್ಷೇತ್ರರಕ್ಷಕನು ಎರಡೂ ಕೈಗಳನ್ನೆತ್ತಿ ನಿಲ್ಲುತ್ತಾನೆ. ಹೊಡೆದವನಿಗೆ ಎರಡು ನೆಲೆಗಳು ಸಲ್ಲುತ್ತವೆ. ಬಳ್ಳಿಗೂ ಆಟದ ನಿಯಮದಲ್ಲಿ ಪಾಲು ದೊರೆತಿರುವುದನ್ನು ನೋಡಬೇಕೆನ್ನುವವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕಾಲವೇ ಸರಿ.

ಗಾಳಿಯ ಮಾತು ಇಷ್ಟಕ್ಕೇ ಮುಗಿಯದು. ಅದು ಸರೋವರದಿಂದ ಒಳಕ್ಕೆ ಬೀಸಿದರೆ ಎತ್ತರಕ್ಕೆ ಹಾರಿದ ಚೆಂಡು ಮರಳಿ ಕ್ಷೇತ್ರರಕ್ಷಕನ ಕೈಗೆ ಬೀಳುತ್ತದೆ. ಹೊರಕ್ಕೆ ಬೀಸಿದರೆ ಸಾಧಾರಣ ಹೊಡೆತವೂ ಗೋಡೆ ದಾಟುತ್ತದೆ. ಗಾಳಿ ಹೊರಮುಖವಾಗಿದ್ದ 1979ರ ಮೇ 17ರಂದು ಫಿಲಡೆಲ್ಫಿಯಾ ತಂಡ ಇಲ್ಲಿ 23 ರನ್ನು ಗಳಿಸಿತು. ಕಬ್ಸ್ 22 ರನ್ನು ಗಳಿಸಿಯೂ ಸೋತಿತು. ಬೇಸ್‌ಬಾಲಿನಲ್ಲಿ ನಾಲ್ಕೈದು ರನ್ನುಗಳೇ ಸಾಮಾನ್ಯವೆಂಬುದನ್ನು ನೆನೆದರೆ ಆ ದಿನದ ಸೊಗಸು ಅರ್ಥವಾದೀತು.

ಎರಡನೆಯ ಪ್ರಶ್ನೆ, ಹಗಲೋ ರಾತ್ರಿಯೋ. ಮೇಜರ್ ಲೀಗಿನ ಮೈದಾನಗಳಲ್ಲಿ ವಿದ್ಯುದ್ದೀಪಗಳು ಕಟ್ಟಕಡೆಗೆ ಬಂದದ್ದು ಇಲ್ಲಿಗೇ. 1941ರಲ್ಲಿ ದೀಪಸ್ತಂಭಗಳಿಗಾಗಿ ಉಕ್ಕನ್ನು ತರಿಸಿಟ್ಟಿದ್ದರು. ಅಷ್ಟರಲ್ಲಿ ಅಮೆರಿಕ ಯುದ್ಧಕ್ಕಿಳಿಯಲು ಅದನ್ನು ಯುದ್ಧಕಾರ್ಯಕ್ಕೆ ಕೊಟ್ಟುಬಿಟ್ಟರು. ಆಮೇಲೆ ಹಗಲಾಟವೇ ಸಂಪ್ರದಾಯವಾಗಿ ಉಳಿಯಿತು. ನೆರೆಹೊರೆಯವರ ಆಕ್ಷೇಪಣೆಗಳೆಲ್ಲ ಮುಗಿದು 1988ರ ಆಗಸ್ಟ್ 8ರಂದು ಮೊದಲ ಬಾರಿಗೆ ದೀಪ ಹೊತ್ತಿದಾಗ ಮಳೆರಾಯನೇ ಬಂದು ಆಟವನ್ನು ಕೆಡಿಸಿದನು. ಪೂರ್ಣ ಪಂದ್ಯ ಮರುದಿನ ರಾತ್ರಿ ನಡೆಯಿತು. ಇಂದಿಗೂ ಇಲ್ಲಿ ಹಗಲು ಪಂದ್ಯಗಳು ಸಾಕಷ್ಟಿವೆ. ಮಕ್ಕಳು ಮರಿಗಳೊಡನೆ ಹೋಗುವವರಿಗೆ ಮಧ್ಯಾಹ್ನದ ಪಂದ್ಯವೇ ಲೇಸು: ಕೂಸುಗಳು ತೂಕಡಿಸುವ ಮುನ್ನವೇ ಮನೆಗೆ ಮರಳಬಹುದು.

ಮೂರನೆಯದು ಆಸನದ ವಿಚಾರ. ಗೋಡೆಯ ಹಿಂದಿನ ಬಯಲಾಸನಗಳಲ್ಲಿ ಉದ್ದನೆಯ ಬೆಂಚುಗಳಿವೆ. ಅಲ್ಲಿ ಮೊದಲು ಬಂದವರಿಗೆ ಮೊದಲ ಜಾಗ. ತರುಣರ ಗದ್ದಲ, ಹಾಡು, ಬಿಸಿಲು ಎಲ್ಲವೂ ಅಲ್ಲಿ ಧಾರಾಳ. ಎದುರಾಳಿ ಹೊಡೆದ ಹೋಮ್ ರನ್ನಿನ ಚೆಂಡು ಕೈಗೆ ಸಿಕ್ಕಿದರೂ ಅದನ್ನು ತಿರಸ್ಕಾರದಿಂದ ಮೈದಾನಕ್ಕೆ ಎಸೆದುಬಿಡುವುದು ಅಲ್ಲಿಯವರ ರೂಢಿ. ವಯೋವೃದ್ಧರು ಜೊತೆಗಿದ್ದರೆ ಚಾವಣಿಯ ಕೆಳಗಿನ ಆಸನಗಳೇ ಹಿತ. ಆದರೆ ಚಾವಣಿಯನ್ನು ಹೊತ್ತ ಹಳೆಯ ಕಂಬಗಳು ಹಿಂದಿನ ಸಾಲುಗಳಲ್ಲಿ ಕೆಲವು ಆಸನಗಳಿಗೆ ಅಡ್ಡವಾಗುತ್ತವೆ. ಕಂಬದ ಹಿಂದೆ ಕುಳಿತವನು ಚೆಂಡೆಸೆಯುವುದನ್ನು ಕಾಣುತ್ತಾನೆ, ಹೊಡೆಯುವುದನ್ನು ಕೇಳಿಸಿಕೊಳ್ಳುತ್ತಾನೆ! ಟಿಕೆಟ್ಟು ಕೊಳ್ಳುವಾಗಲೇ ಆಸನದಿಂದ ನೋಟ ಹೇಗಿದೆಯೆಂದು ವಿಚಾರಿಸುವುದು ಜಾಣತನ.

ಟಿಕೆಟ್ಟಿನ ಬೆಲೆ ಒಂದೇ ಸಮನಾಗಿರುವುದಿಲ್ಲ. ಬೇಸಗೆಯ ರಜೆಯ ಶನಿವಾರ, ಅದರಲ್ಲಿಯೂ ಹಳೆಯ ಪ್ರತಿಸ್ಪರ್ಧಿಯಾದ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡ ಬಂದ ದಿನ, ಬೆಲೆ ಏರುತ್ತದೆ. ವಾರದ ನಡುವಣ ದಿನಗಳಲ್ಲಿ ಇಳಿಯುತ್ತದೆ. ಐದಾರು ಮಂದಿಯ ಸಂಸಾರಕ್ಕೆ ಈ ವ್ಯತ್ಯಾಸ ಸಣ್ಣದಲ್ಲ. ಟಿಕೆಟ್ಟು ಈಗ ಕಾಗದದ ಚೀಟಿಯಲ್ಲ, ಕೈಫೋನಿನಲ್ಲಿ ತೋರಿಸುವ ಗುರುತು. ಎಲ್ಲರ ಟಿಕೆಟ್ಟೂ ಒಬ್ಬರ ಫೋನಿನಲ್ಲಿದ್ದರೆ ದ್ವಾರದಲ್ಲಿ ಎಲ್ಲರೂ ಒಟ್ಟಾಗಿಯೇ ಒಳಹೋಗಬೇಕು. ಕಾರಿನಲ್ಲಿ ಹೋಗುವ ಆಲೋಚನೆಯನ್ನು ಬಿಡುವುದೊಳ್ಳೆಯದು. ಸುತ್ತಲೂ ಮನೆಗಳಿರುವ ಬಡಾವಣೆಯಲ್ಲಿ ಗಾಡಿ ನಿಲ್ಲಿಸಲು ಸ್ಥಳ ದುರ್ಲಭ; ದೊರೆತರೂ ದುಬಾರಿ. ನಗರದ ನಡುಭಾಗದಿಂದ ರೆಡ್ ಲೈನ್ ರೈಲು ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಆಡಿಸನ್ ನಿಲ್ದಾಣಕ್ಕೆ ಒಯ್ಯುತ್ತದೆ. ಎತ್ತರದ ಹಳಿಯ ಮೇಲಿನ ಆ ನಿಲ್ದಾಣದಿಂದ ಇಳಿದರೆ ನಾಲ್ಕು ಹೆಜ್ಜೆಯಲ್ಲಿ ಮೈದಾನ.

ಪಂದ್ಯಕ್ಕೆ ಒಂದು ಗಂಟೆ ಮುಂಚಿತವಾಗಿ ಹೋದರೆ ಸುತ್ತ ಒಮ್ಮೆ ನಡೆದುಬರಬಹುದು. ಒಳಗೆ ಒಯ್ಯಬಹುದಾದ ಚೀಲದ ಅಳತೆಗೂ ತಿಂಡಿಗೂ ನಿಯಮಗಳಿರುವುದರಿಂದ ಹೊರಡುವ ಮುನ್ನ ಅವನ್ನು ನೋಡಿಕೊಳ್ಳಬೇಕು. ಮಾಂಸಾಹಾರಿಗಳಿಗೆ ಷಿಕಾಗೋ ಮಾದರಿಯ ಹಾಟ್ ಡಾಗ್ ಪ್ರಸಿದ್ಧ. ಸಸ್ಯಾಹಾರಿಗಳಿಗೆ ಹುರಿದ ಕಡಲೆಕಾಯಿಯೂ ಜೋಳದ ಅರಳೂ ಅಭ್ಯಂತರವಿಲ್ಲದವು. ನೆಲೆಗಳ ಬಳಿಯ ಆಸನಗಳ ಮುಂದೆ ಬಲೆ ಕಟ್ಟಿದ್ದರೂ ದಾರಿತಪ್ಪಿದ ಚೆಂಡಿನ ಮೇಲೆ ಒಂದು ಕಣ್ಣಿರಲಿ. ಮೊದಲು ಪಂದ್ಯವೊಂದಕ್ಕೆ ಸರಾಸರಿ ಮೂರು ಗಂಟೆ ಹಿಡಿಯುತ್ತಿತ್ತು. ಚೆಂಡೆಸೆಯುವವನಿಗೆ ಗಡಿಯಾರದ ಕಟ್ಟುಪಾಡು ಹಾಕಿದ 2023ರಿಂದ ಅದು ಎರಡು ಗಂಟೆ ನಲವತ್ತು ನಿಮಿಷಗಳ ಆಸುಪಾಸಿಗೆ ಇಳಿದಿದೆ. ಏಳನೆಯ ಸರದಿಯ ನಡುವೆ ಇಡೀ ಮೈದಾನ ಎದ್ದು ನಿಂತು, ಕಾಲುಗಳನ್ನು ಸಡಿಲಿಸಿಕೊಳ್ಳುತ್ತ, 1908ರಲ್ಲಿ ರಚಿತವಾದ ಆಟದ ಹಾಡೊಂದನ್ನು ಒಕ್ಕೊರಲಿನಿಂದ ಹಾಡುತ್ತದೆ. ಪದಗಳು ಬಾರದವರೂ ಎದ್ದು ನಿಂತರೆ ಸಾಕು, ಪಕ್ಕದವರು ಹಾಡಿಸಿಕೊಳ್ಳುತ್ತಾರೆ.

ಹೀಗೆ ದಿನ, ಆಸನ, ರೈಲು, ತಿಂಡಿ ಎಲ್ಲವನ್ನೂ ಗೊತ್ತುಮಾಡಿಕೊಳ್ಳಬಹುದು. ಗೊತ್ತುಮಾಡಿಕೊಳ್ಳಲಾಗದ್ದು ಗೆಲುವೊಂದೇ. ಇಷ್ಟು ಖರ್ಚು ಮಾಡಿ, ಮಕ್ಕಳಿಗೆ ಆಸೆ ಹುಟ್ಟಿಸಿ ಕರೆದೊಯ್ದು, ತಂಡ ಸೋತರೆ ಗತಿಯೇನೆಂಬ ಅಳುಕು ತಂದೆತಾಯಿಗಳಿಗೆ ಸಹಜ. ಅದಕ್ಕೆ ಉತ್ತರ ಈ ಮೈದಾನದ ಚರಿತ್ರೆಯಲ್ಲಿಯೇ ಇದೆ. ಕಬ್ಸ್ ತಂಡ 1908ರಲ್ಲಿ ವರ್ಲ್ಡ್ ಸೀರೀಸ್ ಎಂಬ ಅಂತಿಮ ಪಂದ್ಯಾವಳಿಯನ್ನು ಗೆದ್ದಿತು. ಮತ್ತೆ ಗೆದ್ದದ್ದು 2016ರಲ್ಲಿ. ನಡುವೆ ನೂರೆಂಟು ವರ್ಷ. ಅಷ್ಟು ಕಾಲವೂ ಸಂಸಾರಗಳು ಬರುತ್ತಲೇ ಇದ್ದವು. ಅಜ್ಜ ಮೊಮ್ಮಗನನ್ನು ಕರೆತಂದ. ಆ ಮೊಮ್ಮಗ ಬೆಳೆದು ಅಜ್ಜನಾಗಿ ತನ್ನ ಮೊಮ್ಮಗಳನ್ನು ಕರೆತಂದ.

ಎರ್ನೀ ಬ್ಯಾಂಕ್ಸ್ ಎಂಬ ಮಹಾ ಆಟಗಾರ 1953ರಿಂದ 1971ರವರೆಗೆ ಇದೇ ತಂಡಕ್ಕಾಗಿ ಆಡಿದವರು, ಈ ತಂಡದಲ್ಲಿ ಆಡಿದ ಮೊದಲ ಕಪ್ಪು ವರ್ಣೀಯರು. 512 ಹೋಮ್ ರನ್ನುಗಳನ್ನು ಹೊಡೆದ ಅವರಿಗೆ ವರ್ಲ್ಡ್ ಸೀರೀಸಿನಲ್ಲಿ ಒಂದು ಪಂದ್ಯವನ್ನೂ ಆಡುವ ಯೋಗ ಬರಲಿಲ್ಲ. ಆದರೂ ಇಂಥ ಒಳ್ಳೆಯ ದಿನ ಒಂದಲ್ಲ, ಎರಡು ಪಂದ್ಯ ಆಡೋಣವೆಂಬುದೇ ಅವರ ನಿತ್ಯದ ಮಾತಾಗಿತ್ತು. 2015ರ ಜನವರಿಯಲ್ಲಿ ಅವರು ತೀರಿಕೊಂಡರು. ಗೆಲುವು ಬಂದದ್ದು ಮರುವರ್ಷ.

2016ರ ನವೆಂಬರ್ 2ರಂದು ಕ್ಲೀವ್‌ಲ್ಯಾಂಡ್ ನಗರದಲ್ಲಿ ನಡೆದ ಏಳನೆಯ ಪಂದ್ಯವನ್ನು ಕಬ್ಸ್ ಹತ್ತನೆಯ ಸರದಿಯಲ್ಲಿ 8–7ರಿಂದ ಗೆದ್ದಿತು. ಆ ದಿನಗಳಲ್ಲಿ ಷಿಕಾಗೋದ ಜನ ರಿಗ್ಲಿ ಮೈದಾನದ ಹೊರಗೋಡೆಯ ಬಳಿಗೆ ಸೀಮೆಸುಣ್ಣದ ಕಡ್ಡಿಗಳನ್ನು ಹಿಡಿದು ಬಂದರು. ಅವರು ಇಟ್ಟಿಗೆಗಳ ಮೇಲೆ ಬರೆದದ್ದು ಆಟಗಾರರ ಹೆಸರುಗಳನ್ನಷ್ಟೇ ಅಲ್ಲ, ಈ ದಿನವನ್ನು ಕಾಣದೆ ಕಣ್ಮುಚ್ಚಿದ ತಂದೆ, ತಾಯಿ, ಅಜ್ಜ, ಅಜ್ಜಿಯರ ಹೆಸರುಗಳನ್ನು. ಗೋಡೆಯುದ್ದಕ್ಕೂ, ಕೈಗೆಟುಕುವಷ್ಟು ಎತ್ತರದವರೆಗೆ, ಬಣ್ಣಬಣ್ಣದ ಅಕ್ಷರಗಳು ತುಂಬಿಹೋದವು. ತಮ್ಮನ್ನು ಮೊದಲ ಬಾರಿಗೆ ಇಲ್ಲಿಗೆ ಕರೆತಂದವರಿಗೆ ಮಕ್ಕಳು ಸಲ್ಲಿಸಿದ ತರ್ಪಣವದು ಎಂದರೆ ಅತಿಶಯೋಕ್ತಿಯಾಗಲಾರದು. ಆ ಹಿರಿಯರಲ್ಲಿ ಹೆಚ್ಚಿನವರು ಕಂಡಿದ್ದು ಸೋಲುಗಳನ್ನೇ. ಮಕ್ಕಳು ನೆನಪಿಟ್ಟುಕೊಂಡದ್ದು ಸೋಲನ್ನಲ್ಲ, ಪಕ್ಕದಲ್ಲಿ ಕುಳಿತಿದ್ದವರನ್ನು.

ಅದೇ ವಿಜಯದ ವರ್ಷದಲ್ಲಿಯೂ ತಂಡ 103 ಪಂದ್ಯಗಳನ್ನು ಗೆದ್ದು 58ನ್ನು ಸೋತಿತ್ತು. ಲೋಕವನ್ನೇ ಗೆದ್ದ ತಂಡವೂ ಮೂರರಲ್ಲಿ ಒಂದನ್ನು ಸೋಲುವ ಆಟವಿದು. ಒಂದೇ ಒಂದು ದಿನ ಹೋಗಿಬರುವ ಸಂಸಾರ ಗೆಲುವನ್ನು ಲೆಕ್ಕಕ್ಕೆ ಹಿಡಿದು ಯೋಜನೆ ಹಾಕುವುದು ತರವಲ್ಲ. ಬದಲಾಗಿ, ಎಲ್ಲರೂ ಒಂದೇ ಸಾಲಿನಲ್ಲಿ ಕೂರುವಂತೆ ಆಸನಗಳು ದೊರೆಯುತ್ತವೆಯೇ ಎಂದು ಮೊದಲು ನೋಡಬೇಕು. ಅಗ್ಗದ ಆಸೆಗೆ ಇಬ್ಬರು ಇಲ್ಲಿ, ಮೂವರು ಅಲ್ಲಿ ಕುಳಿತರೆ ಉಳಿದದ್ದು ಹಣ, ಕಳೆದದ್ದು ದಿನ. ಮಳೆ ಬಂದು ಪಂದ್ಯ ಮುಂದಕ್ಕೆ ಹೋಗುವ ಸಂಭವವಿರುವುದರಿಂದ ಪ್ರವಾಸದ ಕೊನೆಯ ದಿನವನ್ನು ಇದಕ್ಕೆ ಇಟ್ಟುಕೊಳ್ಳದಿರುವುದೂ ಕ್ಷೇಮ. ಮಕ್ಕಳು ತುಂಬಿಸಿದ ಸ್ಕೋರು ಪತ್ರದ ಮೂಲೆಯಲ್ಲಿ ಆ ದಿನ ಜೊತೆಗಿದ್ದವರೆಲ್ಲರ ಹೆಸರನ್ನು ಬರೆಸಿ, ಮನೆಯಲ್ಲಿ ಜೋಪಾನವಾಗಿಡಬೇಕು.

ಪಂದ್ಯ ಮುಗಿದ ಮೇಲೆ, 1937ರಿಂದ ಇಂದಿನವರೆಗೂ ಕೈಯಿಂದಲೇ ಅಂಕೆಗಳನ್ನು ಬದಲಿಸುತ್ತಿರುವ ಸ್ಕೋರು ಫಲಕದ ಮೇಲೆ ಬಾವುಟವೊಂದು ಏರುತ್ತದೆ. ಗೆದ್ದರೆ ಬಿಳಿಯ ಬಟ್ಟೆಯ ಮೇಲೆ ನೀಲಿಯ ಅಕ್ಷರ, ಸೋತರೆ ನೀಲಿಯ ಮೇಲೆ ಬಿಳಿಯದು. ಕೆಲಸ ಮುಗಿಸಿ ರೈಲಿನಲ್ಲಿ ಮನೆಗೆ ಹೋಗುವವರು ಕಿಟಕಿಯಿಂದಲೇ ಫಲಿತಾಂಶವನ್ನು ತಿಳಿಯಲೆಂದು ಬೆಳೆದುಬಂದ ಪದ್ಧತಿಯಿದು. ಆಡಿಸನ್ ನಿಲ್ದಾಣದಲ್ಲಿ ರೈಲಿಗಾಗಿ ಕಾಯುವ ಜನರಲ್ಲಿ ಎರಡೂ ಬಗೆಯ ಬಾವುಟವನ್ನು ನೂರಾರು ಸಲ ನೋಡಿದ ಮುದುಕರಿರುತ್ತಾರೆ. ಯಾವ ಬಣ್ಣ ಹಾರಿದ್ದರೂ ಮುಂದಿನ ಪಂದ್ಯ ಎಂದು, ಯಾರಾರು ಬರುವವರು ಎಂಬುದೇ ಅವರ ಮಾತು.