ಶುಕ್ರವಾರದ ಪೂಜೆ

ಕುವೈತಿಂದ ಏನ್ ತಂದೆ ಅಂತ ಇನ್ನೂ ಕೇಳ್ತಾನೇ ಇದ್ದೀರ. ಸಾಲ ತೀರ್ಸೋಕೆ ದುಡ್ಡು, ರವಷ್ಟು ಚಿನ್ನ, ಒಂದು ದಪ್ಪ ಕಂಬ್ಳಿ. ಎಲ್ಲಾ ನೀವೇ ನೋಡಿದ್ದೀರ. ಮುರುಗಮಲ್ಲದ ಚಿಕ್ಕಮ್ಮ ಮಾತ್ರ ಬೇರೆ ಕೇಳಿದ್ರು: "ಗುಡಿ ಕಡೆ ತಲೇನೇ ಹಾಕ್ದಿರೋಳು, ಈಗ ದಿನಾ ಜಪಸರ ಇಡ್ಕೊಂಡು ಕೂತಿರ್ತೀಯಲ್ಲೇ, ಅಲ್ಲೇನಾಯ್ತು?" ಅದ್ಕೆ ಬರೀತಾ ಇದೀನಿ.

ನಮ್ಮೆಜಮಾನ್ರು ಶಿಡ್ಲಘಟ್ಟದಲ್ಲಿ ಗೂಡು ತಗೊಂಡು ರೀಲಿಂಗ್ ಮಾಡಿಸ್ತಿದ್ದೋರು. ರೇಟು ಬಿತ್ತು, ಸಾಲ ಆಯ್ತು, ಸಾಲದ ಹಿಂದೇನೇ ಕಾಯಿಲೆ. ಶಿವಾಜಿನಗರದ ಮರಿಯಮ್ಮನವರಿಗೆ ಸೀರೆ ಹರಕೆ ಹೊತ್ತೆ, ಒಂಬತ್ತು ದಿನ ನೊವೇನ ಮಾಡಿದೆ. ಹೋಗ್ಬುಟ್ರು. ಗುಡಿಯೋರು ಹತ್ತು ಜನ ಬಂದು "ದೇವರ ಚಿತ್ತ" ಅಂದ್ರು. ಆ ವಾರ ನಮ್ಮನೆ ಪಾತ್ರೆ ತೊಳೆದುಕೊಟ್ಟೋಳು ಪಕ್ಕದ ಮನೆ ಬಾಬಿ. ಅವತ್ತಿಂದ ಭಾನುವಾರ ನಂಗೆ ಬಟ್ಟೆ ಒಗೆಯೋ ದಿನ.

2017ರಲ್ಲಿ ಕುವೈತಿಗೆ ಹೋದೆ, ಒಂದು ಮನೇಲಿ ಮಕ್ಕಳನ್ನ ನೋಡ್ಕೊಳ್ಳೋ ಕೆಲಸ. ಹೋಗೋ ಹುಡುಗೀರು ಇದೊಂದು ತಿಳ್ಕೊಂಡಿರಿ: ಅಲ್ಲಿ 2015ರಲ್ಲಿ ಮನೆಗೆಲಸದೋರಿಗೆ ಅಂತ್ಲೇ ಒಂದು ಕಾನೂನು ಬಂತು. ವಾರಕ್ಕೊಂದು ದಿನ ರಜಾ ಕೊಡಬೇಕು, ದಿನಕ್ಕೆ 12 ಗಂಟೆ ಮೇಲೆ ದುಡಿಸಬಾರದು, ಪಾಸ್‌ಪೋರ್ಟ್ ಕಿತ್ತಿಟ್ಕೋಬಾರದು. ಸಂಬಳ ತಿಂಗಳಿಗೆ 60 ದಿನಾರಿಗಿಂತ ಕಮ್ಮಿ ಇರಬಾರದು ಅಂತ ಮಾರನೇ ವರ್ಷ ಆಯ್ತು. ಕಾಗದದ ಮೇಲಿರೋದೆಲ್ಲ ಮನೆಯೊಳಗೆ ನಡೆಯಲ್ಲ. ನಮ್ಮನೆಯೋರು ತಿಂಗಳಿಗೆ ಎರಡೇ ಶುಕ್ರವಾರ ಬಿಡ್ತಿದ್ರು.

ಕುವೈತ್ ಸಿಟೀಲಿ ಪವಿತ್ರ ಕುಟುಂಬದ ದೊಡ್ಡ ಗುಡಿ ಐತೆ. ಆ ದೇಶದಲ್ಲಿ ಶುಕ್ರವಾರ ರಜಾ, ಭಾನುವಾರ ಕೆಲಸ. ಅದಕ್ಕೇ ಜನ ಭಾನುವಾರದ ಪೂಜೇನ ಶುಕ್ರವಾರಾನೇ ನೋಡ್ತಾರೆ. ಬೆಳಗ್ಗಿಂದ ರಾತ್ರಿವರೆಗೂ ಮಲಯಾಳಂ, ಕೊಂಕಣಿ, ತಮಿಳು, ಫಿಲಿಪ್ಪೀನಿನೋರ ಭಾಷೆ, ಒಂದಾದ್ಮೇಲೆ ಒಂದು. ನಾನು ಹೋಗಿದ್ದು ದೇವರಿಗೋಸ್ಕರ ಅಲ್ಲ ಕಣ್ರಮ್ಮ. ಹದಿನೈದು ದಿನ ಬಾಯಿ ಕಟ್ಕೊಂಡಿದ್ದೋಳಿಗೆ ಯಾರಾದ್ರೂ ಮಾತಾಡೋರು ಸಿಕ್ಕಿದ್ರೆ ಸಾಕಾಗಿತ್ತು. ಕಡಪ ಕಡೆ ಹೆಂಗಸರು ಅಲ್ಲಿ ಬೇಜಾನ್. ಚಿಂತಾಮಣಿ ಕಡೆಯೋಳಿಗೆ ತೆಲುಗು ಹೇಳ್ಕೊಡಬೇಕಾ?

ಅವರಲ್ಲಿ ಒಬ್ಬಕ್ಕ ಲೀಜನ್ ಆಫ್ ಮೇರಿ ಅನ್ನೋ ಸಂಘದೋರು. ಸ್ವಾಮಿಗಳಲ್ಲ, ಸಿಸ್ಟರಲ್ಲ, ನಮ್ಮಂಗೆ ಸಂಸಾರಸ್ಥರ ಸಂಘ. 1921ರ ಸೆಪ್ಟೆಂಬರ್ 7ರಂದು ಐರ್ಲೆಂಡಿನ ಡಬ್ಲಿನ್ನಲ್ಲಿ ಫ್ರಾಂಕ್ ಡಫ್ ಅನ್ನೋ ಸರ್ಕಾರಿ ನೌಕರನ ಜೊತೆ ಒಂದಷ್ಟು ಹೆಂಗಸರು ಸೇರಿ ಶುರು ಮಾಡಿದ್ದು. ಮೊದಲು ಹಿಡಿದ ಕೆಲಸ ಬಡವರ ಆಸ್ಪತ್ರೇಲಿ ಕಾಯಿಲೆ ಹೆಂಗಸರನ್ನ ಕಂಡು ಮಾತಾಡಿಸೋದು. ನಿಯಮ ಕಟ್ಟುನಿಟ್ಟು: ವಾರಾವಾರ ಕೂಡಿ ಜಪಸರ ಹೇಳಬೇಕು, ಇಬ್ಬಿಬ್ಬರಾಗೇ ಹೋಗಬೇಕು, ದುಡ್ಡು ಸಾಮಾನು ಕೊಡಂಗಿಲ್ಲ. ಕೊಡಂಗಿಲ್ಲ ಅಂದ್ಮೇಲೆ ಹೋಗಿ ಏನ್ಮಾಡೋದು ಅಂತ ನಂಗೆ ನಗು ಬಂದಿತ್ತು.

ಅಕ್ಕ ಒಂದಿನ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ರಾಯಚೋಟಿ ಕಡೆ ಹೆಂಗಸು, ಮನೆಗೆಲಸಕ್ಕೆ ಬಂದೋಳು, ಲಕ್ವ ಹೊಡೆದು ಒಂದು ಕೈ ಸ್ವಾಧೀನ ಇಲ್ಲ. ಕೂದಲು ಜಡೆಗಟ್ಟಿ ತೆಂಗಿನ ನಾರಿನಂಗೆ ಆಗಿತ್ತು. ನರ್ಸುಗಳು ಕತ್ತರಿಸ್ತೀವಿ ಅಂದ್ರೆ ಅಳ್ತಿದ್ಳಂತೆ. ನಾನು ಕೊಬ್ಬರಿ ಎಣ್ಣೆ ಹಾಕಿ ಬೆರಳಲ್ಲೇ ಒಂದೊಂದು ಸಿಕ್ಕು ಬಿಡಿಸ್ದೆ. ಎರಡು ಶುಕ್ರವಾರ ಹಿಡೀತು. (ಎಣ್ಣೆ ಬಾಟ್ಲಿ ದಾನದ ಲೆಕ್ಕಕ್ಕೆ ಬರುತ್ತಾ ಇಲ್ವಾ ಅಂತ ಮೀಟಿಂಗಲ್ಲಿ ಚರ್ಚೆ ಬೇರೆ ಆಯ್ತು!)

ಎರಡನೇ ಸಲ ಜಡೆ ಹಾಕ್ತಿರುವಾಗ ಜಪಸರ ಹೇಳು ಅಂದ್ಳು. ನಂಗೆ ಬರೋದು ಕನ್ನಡದಲ್ಲಿ, ಅದೂ ನಮ್ಮಮ್ಮ ಸೌದೆ ಒಲೆ ಮುಂದೆ ಹೇಳ್ಕೊಟ್ಟಿದ್ದು. ಎರಡು ವರ್ಷ ಬಾಯಲ್ಲಿ ತಂದಿರ್ಲಿಲ್ಲ. ನಾನು ಮೊದಲರ್ಧ ಕನ್ನಡದಲ್ಲಿ ಅಂದೆ, ಅವಳು ಸೊಟ್ಟ ಬಾಯಲ್ಲಿ ಉಳಿದರ್ಧ ತೆಲುಗಲ್ಲಿ ಅಂದ್ಳು. ಐವತ್ತು ಮಣಿ ಹಂಗೇ ಮುಗಿಸಿದ್ವಿ. ನಂಗೆ ಬೆಳಕೂ ಕಾಣ್ಲಿಲ್ಲ, ದನೀನೂ ಕೇಳಿಸ್ಲಿಲ್ಲ. ಬಸ್ಸಲ್ಲಿ ಬರ್ತಾ ಕೈ ಮೂಸಿ ನೋಡ್ಕೊಂಡೆ, ಕೊಬ್ಬರಿ ಎಣ್ಣೆ ವಾಸ್ನೆ. ಮುಂದಿನ ಶುಕ್ರವಾರ ಪೂಜೆಗೆ ಮುಂಚೇನೇ ಹೋಗಿ ಪಾಪನಿವೇದನೆ ಸಾಲಲ್ಲಿ ನಿಂತ್ಕೊಂಡೆ.

ಅವಳನ್ನ ವೀಲ್‌ಚೇರಲ್ಲಿ ಊರಿಗೆ ಕಳಿಸಿದ್ರು, ಆಮೇಲೆ ಸುದ್ದಿ ಇಲ್ಲ. 2020ರಲ್ಲಿ ಕೊರೋನಾ ಬಂದು ಗುಡಿ ಮುಚ್ಚಿದಾಗ ನಾವು ಫೋನಲ್ಲೇ ಜಪಸರ ಹೇಳ್ತಿದ್ವಿ, ಮಕ್ಕಳು ಮಲಗಿದ್ಮೇಲೆ, ಬಚ್ಚಲುಮನೇಲಿ ಕೂತ್ಕೊಂಡು.

ನಮ್ಮೆಜಮಾನ್ರನ್ನ ಯಾಕೆ ಕರ್ಕೊಂಡೆ ಅಂತ ಇವತ್ತಿಗೂ ಕೇಳ್ತೀನಿ, ಉತ್ತರ ಬಂದಿಲ್ಲ ಚಿಕ್ಕಮ್ಮ. ಜಗಳ ಮುಗಿದಿಲ್ಲ. ಆದ್ರೆ ಈಗ ಎದುರಿಗೆ ಕೂತ್ಕೊಂಡೇ ಜಗಳ ಆಡ್ತೀನಿ. ಸೀರೆ ಹರಕೇನೂ ಹೋದ ಸೆಪ್ಟೆಂಬರಲ್ಲಿ ತೀರ್ಸಿದೆ, ಕೇಳಿದ್ದು ಸಿಗದಿದ್ರೂನೂ.

ಇಲ್ಲೂ ಗುರುವಾರ ಮಧ್ಯಾಹ್ನ ನಾನೂ ಬಾಬೀನೂ ಆಸ್ಪತ್ರೆಗೆ ಹೋಗ್ತೀವಿ. ಅವಳು ಅವಳ ದೇವರನ್ನ ನೆನೀತಾಳೆ, ನಾನು ನನ್ನದು. ಬರೋರಿದ್ರೆ ಮೂರು ಗಂಟೆಗೆ ನಮ್ಮನೆ ಹತ್ರ ಬನ್ನಿ. ಅಗಲ ಹಲ್ಲಿನ ಬಾಚಣಿಗೆ ಇದ್ರೆ ತನ್ನಿ, ನನ್ನದು ಎರಡು ಹಲ್ಲು ಮುರಿದೈತೆ.