ನಮ್ಮ ಹಿತ್ತಲಿನ ಬೇಲಿ

ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳಲು ಲೈಸೆನ್ಸ್ ಪಡೆಯೋಣವೆಂದು ಹೊರಟಾಗ ನಮಗೆ ತಲೆನೋವಾದದ್ದು ಹಾಲೂ ಅಲ್ಲ, ಡೈಪರೂ ಅಲ್ಲ, ಹಿತ್ತಲಿನ ಬೇಲಿ. ಇಲ್ಲಿ ಟೆಕ್ಸಾಸ್‌ನಲ್ಲಿ ನಮ್ಮ ಮನೆ ನೋಡಲು ಬಂದಾಕೆ 4 ಅಡಿಗಿಂತ ಕಡಿಮೆ ಇರಬಾರದೆಂದರು. ಕಂಟ್ರಾಕ್ಟರ್ ಹೇಳಿದ ರೇಟು ಕೇಳಿ ಊರಿನ ಕಳ್ಳಿಬೇಲಿ ನೆನಪಾಯಿತು.

ಅಷ್ಟರಲ್ಲಿ ಹಿಂದಿನ ಬೀದಿಯವರು ತಮ್ಮ ಹಳೆಯ ಡೆಕ್ ಕಿತ್ತು, ಹಲಗೆಗಳನ್ನು ಪುಕ್ಕಟೆ ಕೊಟ್ಟರು. ಗ್ಯಾರೇಜಿನಲ್ಲಿ ಜೋಡಿಸಿಟ್ಟು ಹಿಗ್ಗಿದೆವು. ಆಮೇಲೆ ಗೊತ್ತಾಯಿತು, ಅದು 1995ರ ಡೆಕ್. 2003ರ ಕೊನೆಯವರೆಗೂ ಇಂಥ ಮರಕ್ಕೆ ಗೆದ್ದಲು ಹಿಡಿಯದಂತೆ ಹೆಚ್ಚಾಗಿ ಹಾಕುತ್ತಿದ್ದ ಔಷಧಿಯಲ್ಲಿ ಆರ್ಸೆನಿಕ್ ಇರುತ್ತಿತ್ತಂತೆ. ಕಂಡದ್ದನ್ನೆಲ್ಲ ಮುಟ್ಟಿ ಬೆರಳು ಚೀಪುವ ಕೂಸುಗಳು ಬೇರೆ! ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ತಾನೆ? ಸುಡುವಂತೆಯೂ ಇಲ್ಲ, ಹೊಗೆ ಇನ್ನೂ ಕೆಟ್ಟದ್ದು. ದುಡ್ಡು ಕೊಟ್ಟು ಲ್ಯಾಂಡ್‌ಫಿಲ್‌ಗೆ ಸಾಗಿಸಿದೆವು.

ಕೊನೆಗೆ ಇಡೀ ಹಿತ್ತಲು ಬೇಡ, ಅಡುಗೆಮನೆ ಕಿಟಕಿಗೆ ಕಾಣುವಷ್ಟು ಜಾಗ ಸಾಕೆಂದು ಮನೆಯ ಗೋಡೆಯನ್ನೇ ಒಂದು ಬದಿಯಾಗಿಸಿ, ಉಳಿದ ಮೂರಕ್ಕೆ ನಾವೇ ಚೈನ್‌ಲಿಂಕ್ ಹಾಕಿದೆವು. ನೀವೂ ಹಾಕುವುದಾದರೆ ಗುಂಡಿ ತೋಡುವ ಕೆಲವು ದಿನ ಮೊದಲು 811ಕ್ಕೆ ಫೋನ್ ಮಾಡಿ. ಗ್ಯಾಸ್, ಕರೆಂಟ್ ಲೈನ್‌ಗಳ ಗುರುತು ಪುಕ್ಕಟೆ ಹಾಕಿ ಹೋಗುತ್ತಾರೆ. ತಂತಿಯ ಮಡಚಿದ ಅಂಚು ಮೇಲಿರಲಿ, ಚೂಪು ತುದಿಯಲ್ಲ. ಗೇಟಿನ ಚಿಲಕದಲ್ಲಿ ಮಾತ್ರ ನಾವು ಜಿಪುಣತನ ಮಾಡಲಿಲ್ಲ.

ಈಗ ಏಳು ಮಕ್ಕಳು ಬರುತ್ತಿದ್ದಾರೆ. ಒಬ್ಬಳು ದಿನಾ ತನ್ನ ಕಾಲುಚೀಲವನ್ನು ಆ ತಂತಿಗೆ ಸಿಕ್ಕಿಸಿಯೇ ಆಟಕ್ಕಿಳಿಯುವುದು.