ಬಾಗಿಲ ಹೊರಗಿಟ್ಟ ಬಟ್ಟೆ

ಸಂಕ್ರಾಂತಿ ಕಳೆದು ನಾವು ಎಳ್ಳು-ಬೆಲ್ಲದ ಡಬ್ಬಿ ತೊಳೆದಿಡುವ ಹೊತ್ತಿಗೆ ದೂರದ ಐರ್ಲೆಂಡಿನ ಹೆಂಗಸರು ಒಂದು ಹಬ್ಬಕ್ಕೆ ಅಣಿಯಾಗುತ್ತಾರೆ, ಗೊತ್ತೇ ಸೋದರಿಯರೇ? ಫೆಬ್ರವರಿ 1 ಅಲ್ಲಿ ವಸಂತದ ಮೊದಲ ದಿನ. ಚಳಿಯೇನೋ ಕೊರೆಯುತ್ತಲೇ ಇರುತ್ತದೆ. ಆದರೂ ಹಗಲು ಉದ್ದವಾಗುವ, ಗಬ್ಬದ ಕುರಿಗಳ ಕೆಚ್ಚಲಿಗೆ ಹಾಲಿಳಿಯುವ ಕಾಲ ಅದು. ಹಬ್ಬದ ಹಳೆಯ ಹೆಸರು ಇಂಬೊಲ್ಕ್. ‘ಹೊಟ್ಟೆಯೊಳಗೆ’ ಎಂದು ಅದಕ್ಕೆ ಅರ್ಥ ಹೇಳುತ್ತಾರೆ. ಬಸುರಿನ ಹೆಸರಿನ ಹಬ್ಬ ನೋಡಿ!

ಹಬ್ಬದ ಒಡತಿ ಬ್ರಿಜಿಡ್. ಹಿಂದೆ ಅವಳು ಕಾವ್ಯ, ವೈದ್ಯ, ಕಮ್ಮಾರಿಕೆಗಳ ದೇವತೆ. ಆಮೇಲೆ ಅದೇ ಹೆಸರಿನ ಸಂತಳು ಕಿಲ್ಡೇರ್ ಊರಿನಲ್ಲಿ ಮಠ ಕಟ್ಟಿದಳೆಂದು ಪ್ರತೀತಿ. ಹೈನಿಗೂ ಸೂಲಗಿತ್ತಿಯರಿಗೂ ಅವಳೇ ರಕ್ಷಕಿ. ಹಿಂದಿನ ಸಂಜೆ ಜೊಂಡುಹುಲ್ಲಿನಲ್ಲಿ ಶಿಲುಬೆ ಹೆಣೆದು, ಮನೆಗೆ ಬೆಂಕಿ ತಾಗದಿರಲಿ ಅಂತ ಬಾಗಿಲ ಮೇಲೆ ಸಿಕ್ಕಿಸುತ್ತಾರೆ. ಬೇಯಿಸಿ ಹಿಸುಕಿದ ಆಲೂಗಡ್ಡೆಗೆ ಧಾರಾಳ ಬೆಣ್ಣೆ ಹಾಕಿ ಉಣ್ಣುತ್ತಾರೆ. ರಾತ್ರಿ ಒಂದು ತುಂಡು ಬಟ್ಟೆಯನ್ನು ಹೊರಗಿಡುತ್ತಾರೆ. ಬ್ರಿಜಿಡ್ ಹಾದುಹೋಗುವಾಗ ಅದನ್ನು ಮುಟ್ಟುತ್ತಾಳಂತೆ. ತಲೆನೋವಿಗೆ, ಸುಖಪ್ರಸವಕ್ಕೆ ಅಂತ ಆ ಬಟ್ಟೆಯನ್ನು ವರ್ಷವಿಡೀ ಜೋಪಾನ ಮಾಡುತ್ತಾರೆ. 2023ರಿಂದ ಈ ಹಬ್ಬಕ್ಕೆ ಸರ್ಕಾರಿ ರಜೆ. ಆ ದೇಶದಲ್ಲಿ ಹೆಂಗಸಿನ ಹೆಸರಿನ ಮೊದಲ ರಜೆ ಇದೇ.

ಇದೆಲ್ಲ ಇವಳಿಗೆ ಹೇಗೆ ಗೊತ್ತು ಅಂತೀರಾ? ನನ್ನ ಹಿರಿಮಗಳು ಡಬ್ಲಿನ್ನಿನಲ್ಲಿ ನರ್ಸು. ಕಳೆದ ಸಲ ಈ ಹಬ್ಬದ ಹೊತ್ತಿಗೆ ಅವಳಿಗೆ ಒಂಬತ್ತು ತಿಂಗಳು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ಅಲ್ವೇ? ಅವಳು ಬರಲಾಗಲಿಲ್ಲ. ಅತ್ತೆಯವರು ಹಾಸಿಗೆ ಹಿಡಿದಿದ್ದರಿಂದ ನಾನೂ ಹೋಗಲಾಗಲಿಲ್ಲ. ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ 2012ರಲ್ಲಿ ಅದೇ ದೇಶದ ಗಾಲ್ವೇಯಲ್ಲಿ, ಗರ್ಭಪಾತ ಕೇಳಿದರೂ ಸಿಗದೆ, ನಂಜೇರಿ ತೀರಿಕೊಂಡದ್ದು ನಿಮಗೂ ನೆನಪಿರಬಹುದು. 2018ರಲ್ಲಿ ಅಲ್ಲಿಯ ಜನ ಮತ ಹಾಕಿ ಸಂವಿಧಾನವನ್ನೇ ಬದಲಿಸಿದರು. ಅದು ತಿಳಿದಿದ್ದರೂ ನನಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ಜನವರಿ 31ರ ರಾತ್ರಿ ಪಕ್ಕದ ಮನೆಯ ಅಜ್ಜಿ ಮಗಳ ಹೆಸರಿನಲ್ಲಿ ಬಟ್ಟೆ ಹೊರಗಿಟ್ಟು, ಬೆಳಿಗ್ಗೆ ಇಬ್ಬನಿಯಲ್ಲಿ ನೆನೆದದ್ದನ್ನು ಒಣಗಿಸಿ ತಂದುಕೊಟ್ಟರಂತೆ. ಹತ್ತು ದಿನಕ್ಕೆ ಹೆರಿಗೆಯಾಯಿತು. ತಾಯಿ-ಮಗು ಕ್ಷೇಮ. ಹೆರಿಗೆ ಮಾಡಿಸಿದ್ದು ಡಾಕ್ಟರು, ನರ್ಸುಗಳು, ಬಟ್ಟೆಯಲ್ಲ. ಅಷ್ಟು ನನಗೂ ಗೊತ್ತು. ಆದರೆ ನಾನಿಲ್ಲದ ಊರಲ್ಲಿ ಒಬ್ಬ ಹೆಂಗಸು ನನ್ನ ಮಗಳಿಗಾಗಿ ಆ ಚಳಿಯಲ್ಲಿ ಬಾಗಿಲು ತೆರೆದಳಲ್ಲ, ಅದು ಸಣ್ಣ ಮಾತೇ?

ನಮ್ಮ ಬೀದಿಯ ಕೊನೆಯಲ್ಲಿ ಒಡಿಶಾ ಕಡೆಯ ಗಾರೆ ಕೆಲಸದವನ ಹೆಂಡತಿ ಬಸುರಿ. ಕನ್ನಡ ಬಾರದು, ತವರು ದೂರ. ಈಗ ವಾರಕ್ಕೆರಡು ದಿನ ಅವಳಿಗೆ ಸೊಪ್ಪಿನ ಸಾರು, ಬಿಸಿ ಅನ್ನ ಒಯ್ಯುತ್ತೇನೆ. ತಿಂಗಳ ತಪಾಸಣೆಗೂ ಜೊತೆಗೆ ಹೋಗುತ್ತೇನೆ. ನಿಮ್ಮ ಬೀದಿಯಲ್ಲೂ ಅಂಥವಳೊಬ್ಬಳು ಇರಬಹುದು. ಸ್ವಲ್ಪ ನೋಡಿ.